ಲಾವಂಚದ ಬೇರೂ ಲಾವಂಚದ ಬೇಲಿಯೂ

ಬೇಸಗೆ ಮೊದಲಾಯಿತೆಂದರೆ ನಮ್ಮ ಮೈಸೂರಿನ ಮನೆಗಳಲ್ಲಿ ಮಣ್ಣಿನ ಹೂಜಿಯು ಅಟ್ಟದಿಂದ ಕೆಳಗಿಳಿಯುವುದು. ಅದರ ಹಿಂದೆಯೇ ಗ್ರಂಥಿಗೆ ಅಂಗಡಿಯಿಂದ ಒಂದು ಹಿಡಿ ಲಾವಂಚದ ಬೇರೂ ಬರುವುದು. ಅದನ್ನು ತೊಳೆದು, ಬಿಳಿಯ ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿಳಿಸಿದರೆ, ಮಧ್ಯಾಹ್ನದ ಬಿಸಿಲಿನಲ್ಲಿ ಬಂದ ಅತಿಥಿಗೆ ಆ ಒಂದು ಲೋಟ ನೀರೇ ಪಾನಕಕ್ಕಿಂತ ಮಿಗಿಲಾದ ಸತ್ಕಾರವೆನಿಸುವುದು. ಇಷ್ಟು ಬಳಕೆಯ ವಸ್ತುವಾಗಿದ್ದರೂ, ಆ ಬೇರಿನ ಮೇಲೆ ಬೆಳೆಯುವ ಗಿಡ ಯಾವುದೆಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತಾರೆ. ಕೆಲವರು ಅದನ್ನು ಬಳ್ಳಿಯೆನ್ನುತ್ತಾರೆ. ಕೆಲವರು ಮರದ ಬೇರೆನ್ನುತ್ತಾರೆ. ಬೇರನ್ನರಿಯದ ಮನೆ ವಿರಳ. ಹುಲ್ಲನ್ನು ಕಣ್ಣಾರೆ ಕಂಡ ಮನೆ ಅದಕ್ಕಿಂತಲೂ ವಿರಳ. ಈ ತಿಂಗಳು ಆ ಹುಲ್ಲಿನ ವಿಚಾರವನ್ನೂ, ಅದನ್ನು ಬೆಳೆಸುವ ಕ್ರಮವನ್ನೂ, ಬೆಳೆಸಿದ ಮೇಲೆ ಅದನ್ನು ಕೀಳಬೇಕೋ ಬಿಡಬೇಕೋ ಎಂಬ ಪ್ರಶ್ನೆಯನ್ನೂ ವಾಚಕರ ಮುಂದಿಡುತ್ತೇನೆ. ಕಡೆಯ ಪ್ರಶ್ನೆಯೇ ಮುಖ್ಯವಾದುದು.

ನಮ್ಮ ಹಿರಿಯರು ಈ ಸಸ್ಯವನ್ನು ಎಷ್ಟು ಗಮನವಿಟ್ಟು ನೋಡಿದ್ದರೆಂಬುದಕ್ಕೆ ಅದರ ಹೆಸರುಗಳೇ ಸಾಕ್ಷಿ. ಅಮರಸಿಂಹನು ತನ್ನ ಕೋಶದ ವನೌಷಧಿವರ್ಗದಲ್ಲಿ ಹುಲ್ಲಿಗೆ ವೀರಣವೆಂದೂ ಅದರ ಬೇರಿಗೆ ಉಶೀರವೆಂದೂ ಪ್ರತ್ಯೇಕವಾದ ಹೆಸರುಗಳನ್ನು ಹೇಳಿದ್ದಾನೆ. ಬೇರಿಗೆ ಮತ್ತೆ ಅಭಯ, ನಲದ, ಸೇವ್ಯ, ಲಾಮಜ್ಜಕ ಮೊದಲಾದ ಪರ್ಯಾಯಗಳುಂಟು. ಲಾಮಜ್ಜಕವೆಂಬುದನ್ನು ವೈದ್ಯಗ್ರಂಥಗಳು ಬೇರೊಂದು ಹುಲ್ಲಿಗೂ ಹೇಳುವುದುಂಟಾದರೂ, ನಮ್ಮ ಲಾವಂಚವೆಂಬ ಮಾತಿಗೆ ಅದು ಎಷ್ಟು ಹತ್ತಿರವೆಂಬುದು ಕಿವಿಗೇ ಗೊತ್ತಾಗುತ್ತದೆ. ಕಾಳಿದಾಸನ ಶಾಕುಂತಲದ ಮೂರನೆಯ ಅಂಕದ ಆರಂಭದಲ್ಲಿ, ತಾಪಗೊಂಡ ಶಕುಂತಲೆಗಾಗಿ ಪ್ರಿಯಂವದೆಯು ಒಯ್ಯುತ್ತಿರುವುದು ಉಶೀರದ ಲೇಪನವನ್ನೇ. ಅಂತೂ ಬೇರಿನ ಕೀರ್ತಿಗೆ ಕೊರತೆಯಿಲ್ಲ. ಆದರೆ ಒಂದೇ ಸಸ್ಯಕ್ಕೆ ನೆಲದ ಮೇಲೊಂದು ಹೆಸರು, ನೆಲದ ಕೆಳಗೊಂದು ಹೆಸರು ಇರುವುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಾವು ಉಶೀರವನ್ನು ಉಳಿಸಿಕೊಂಡು ವೀರಣವನ್ನು ಮರೆತೆವು.

ಇನ್ನು ಹುಲ್ಲಿನ ಸ್ವರೂಪ. ಲಾವಂಚವು ಬಹುವರ್ಷ ಬಾಳುವ ಹುಲ್ಲು. ನದಿಯ ದಡ, ಜೌಗು, ಹಳ್ಳದ ಬದಿ ಇವು ಅದರ ಹುಟ್ಟೂರು. ಸಸ್ಯಶಾಸ್ತ್ರಜ್ಞರು ಇದನ್ನು ಈಗ ಕ್ರೈಸೋಪೋಗಾನ್ ಜಿಜಾನಿಯಾಯ್ಡಿಸ್ ಎಂದು ಕರೆಯುತ್ತಾರೆ. ಹಳೆಯ ಪುಸ್ತಕಗಳಲ್ಲಿ ವೆಟಿವೇರಿಯಾ ಎಂದಿರುವುದು. ಆ ಹಳೆಯ ಹೆಸರು ತಮಿಳಿನ ವೆಟ್ಟಿವೇರು ಎಂಬ ಮಾತಿನಿಂದಲೇ ಹೋದದ್ದು. ಒಂದೇ ಬುಡದಿಂದ ನೂರಾರು ತೆಂಡೆಗಳೊಡೆದು, ಆಳಿನೆತ್ತರಕ್ಕೆ ನೆಟ್ಟನೆ ನಿಲ್ಲುವ ಪೊದೆ ಇದು. ಎಲೆ ಕಿರಿದು, ಉದ್ದ, ಒರಟು. ಎಲೆಯನ್ನು ಹಿಸುಕಿ ಮೂಸಿದರೆ ಯಾವ ಪರಿಮಳವೂ ಇರುವುದಿಲ್ಲ. ಇದನ್ನು ಒತ್ತಿ ಹೇಳುವುದೇಕೆಂದರೆ, ಕಷಾಯಕ್ಕೆ ಹಾಕುವ ಮಜ್ಜಿಗೆ ಹುಲ್ಲನ್ನೇ ಲಾವಂಚವೆಂದು ತಿಳಿದು ತಂದು ನೆಟ್ಟು, ಬೇರು ಘಮಘಮಿಸಲಿಲ್ಲವೆಂದು ಬೇಸರಪಟ್ಟವರುಂಟು. ಮಜ್ಜಿಗೆ ಹುಲ್ಲಿನ ಗಂಧವೆಲ್ಲ ಎಲೆಯಲ್ಲಿ. ಲಾವಂಚದ ಗಂಧವೆಲ್ಲ ಬೇರಿನಲ್ಲಿ. ಈ ಒಂದು ಪರೀಕ್ಷೆ ಸಾಕು.

ಗರಿಕೆಯು ನೆಲದ ಮೇಲೆ ಹರಿಯುತ್ತದೆ. ದರ್ಭೆಯು ನೆಲದೊಳಗೆ ಗೆಡ್ಡೆಕಾಂಡವನ್ನೋಡಿಸಿ ಹೊಲವನ್ನೇ ಹಿಡಿಯುತ್ತದೆ. ಲಾವಂಚಕ್ಕೆ ಈ ಎರಡು ಚಾಳಿಯೂ ಇಲ್ಲ. ಅದರ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಕೆಳಗಿಳಿಯುತ್ತದೆ. ಒಳ್ಳೆಯ ನೆಲದಲ್ಲಿ ಮೊದಲ ವರ್ಷದಲ್ಲಿಯೇ ೩ ಮೀಟರು, ಅಂದರೆ ಸುಮಾರು ೧೦ ಅಡಿಯ ಆಳವನ್ನು ಮುಟ್ಟುವುದುಂಟು. ನಮ್ಮ ದಕ್ಷಿಣದೇಶದಲ್ಲಿ ತಲೆತಲಾಂತರದಿಂದ ನೆಟ್ಟು ಬೆಳೆಸುತ್ತ ಬಂದ ಜಾತಿಯು ಹೂ ಬಿಟ್ಟರೂ ಮೊಳೆಯುವಂತಹ ಬೀಜವನ್ನು ಕಟ್ಟುವುದಿಲ್ಲ. ಉತ್ತರ ಹಿಂದೂಸ್ಥಾನದ ನದೀಬಯಲುಗಳಲ್ಲಿ ತಾನಾಗಿ ಬೆಳೆಯುವ ಕಾಡುಜಾತಿ ಮಾತ್ರ ಬೀಜದಿಂದ ಹರಡುತ್ತದೆ. ಆದಕಾರಣ ನಮ್ಮ ಲಾವಂಚವು ನೆಟ್ಟಲ್ಲಿಯೇ ಇರುತ್ತದೆ. ಕಳೆಯಾಗಿ ನೆರೆಯ ಹೊಲಕ್ಕೆ ಹೋಗುವುದಿಲ್ಲ.

ಈ ಗುಣದ ಬೆಲೆಯನ್ನು ಮೊದಲು ಕಂಡುಕೊಂಡವರು ಯಾವ ವಿದ್ವಾಂಸರೂ ಅಲ್ಲ. ಮೈಸೂರಿನಿಂದ ಸುಮಾರು ೬೦ ಕಿಲೋಮೀಟರು ದೂರದಲ್ಲಿ ಊಟಿಯ ದಾರಿಯಲ್ಲಿರುವ ಗುಂಡ್ಲುಪೇಟೆಯ ಕಡೆಯ ರೈತರು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯಾಗುವವರೆಗೆ ಆ ಸೀಮೆ ನಮ್ಮ ಮೈಸೂರು ಜಿಲ್ಲೆಗೇ ಸೇರಿತ್ತು. ಅಲ್ಲಿಯವರು ನೂರು ವರ್ಷಕ್ಕೂ ಮಿಗಿಲಾಗಿ ತಮ್ಮ ಹೊಲಗಳ ಎಲ್ಲೆಯ ಮೇಲೆ ಲಾವಂಚವನ್ನು ಸಾಲಾಗಿ ನೆಟ್ಟುಕೊಂಡು ಬಂದಿದ್ದಾರೆ. ಅವರ ಮೊದಲ ಉದ್ದೇಶ ಗಡಿಯ ಗುರುತು. ಬದುವಿನ ಜಗಳವೆಂಬುದು ಹಳ್ಳಿಯ ಮನೆತನಗಳನ್ನು ಕೋರ್ಟಿಗೆಳೆದು ಹಾಳುಮಾಡಿದ ಪಿಡುಗು. ಪ್ರತಿವರ್ಷವೂ ಒಂದೊಂದು ನೇಗಿಲ ಸಾಲಿನಷ್ಟು ಬದುವನ್ನು ಒತ್ತಿಕೊಂಡು ಹೋದರೆ ಹತ್ತು ವರ್ಷಕ್ಕೆ ಎಲ್ಲೆಯೇ ಬದಲಾಗುವುದು. ನನ್ನ ಹಳೆಯ ಶಿಷ್ಯನೊಬ್ಬನ ತಂದೆ, ಆ ಕಡೆಯ ವೃದ್ಧರು, ಒಮ್ಮೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: “ಕಲ್ಲಾದ್ರೆ ರಾತ್ರೋರಾತ್ರಿ ಕಿತ್ತು ಆಚೆ ನೆಡಬೋದು ಸ್ವಾಮಿ. ಈ ಹುಲ್ಲು ಕೀಳಾಕೆ ಮೂರು ದಿನ ಬೇಕು. ಅಷ್ಟೊತ್ತಿಗೆ ಊರೆಲ್ಲ ನೋಡಿರ್ತದೆ.” ಸುಳ್ಳು ಹೇಳದ ಸಾಕ್ಷಿ ಬೇಕಾದವರಿಗೆ ಇದಕ್ಕಿಂತ ಉತ್ತಮವಾದುದು ದೊರೆಯಲಾರದು.

ಗಡಿಗೆಂದು ನೆಟ್ಟ ಹುಲ್ಲು ಮಣ್ಣನ್ನೂ ಕಾಯಿತು. ಇಳಿಜಾರಿನಲ್ಲಿ ಹರಿದುಬರುವ ಮಳೆಯ ನೀರು ಈ ದಟ್ಟವಾದ ಹುಲ್ಲಿನ ಗೋಡೆಯನ್ನು ಮುಟ್ಟಿದೊಡನೆ ತನ್ನ ವೇಗವನ್ನು ಕಳೆದುಕೊಳ್ಳುತ್ತದೆ. ಅಗಲಕ್ಕೆ ಹರಡಿ, ಹೊತ್ತು ತಂದ ಮಣ್ಣನ್ನು ಮೇಲ್ಗಡೆಯಲ್ಲಿಯೇ ಇಳಿಸಿ, ತಿಳಿಯಾಗಿ ಹುಲ್ಲಿನ ಸಂದುಗಳಿಂದ ಕೆಳಕ್ಕೆ ಸೋಸಿ ಹೋಗುತ್ತದೆ. ವರ್ಷವರ್ಷವೂ ಮಣ್ಣು ಹೀಗೆ ಕೂಡಿಕೂಡಿ, ಬೇಲಿಯ ಹಿಂದೆ ಹೊಲವು ತಾನೇ ಮಟ್ಟವಾಗುತ್ತ ಬರುತ್ತದೆ. ಮಣ್ಣು ಮೇಲೇರಿದಂತೆ ಹುಲ್ಲಿನ ಬುಡವೂ ಹೊಸ ಗಿಣ್ಣಿನಿಂದ ಬೇರು ಬಿಟ್ಟುಕೊಂಡು ಮೇಲೇರುತ್ತದೆ, ಹೂಳಿಹೋಗುವುದಿಲ್ಲ. ಮಣ್ಣಿನ ಬದುವಿಗೂ ಹುಲ್ಲಿನ ಬದುವಿಗೂ ಇರುವ ಭೇದವಿದು: ಮಣ್ಣಿನ ಬದು ನೀರನ್ನು ತಡೆದು ನಿಲ್ಲಿಸುತ್ತದೆ, ತಾಳಲಾರದ ದಿನ ಒಂದು ಕಡೆ ಒಡೆಯುತ್ತದೆ, ಹುಲ್ಲಿನ ಬದು ನೀರನ್ನು ನಿಧಾನಿಸಿ ದಾರಿ ಬಿಡುತ್ತದೆ.

ಹೊರಗಿನ ಜಗತ್ತಿಗೆ ಈ ಸಂಗತಿ ತಡವಾಗಿ ತಿಳಿಯಿತು. ಜಾನ್ ಗ್ರೀನ್‌ಫೀಲ್ಡ್ ಎಂಬ ಕೃಷಿತಜ್ಞರು ೧೯೫೦ರ ದಶಕದಲ್ಲಿ ಫಿಜಿದ್ವೀಪದ ಕಬ್ಬಿನ ತೋಟಗಳ ಇಳಿಜಾರಿನಲ್ಲಿ ಈ ಹುಲ್ಲಿನ ಬೇಲಿಯನ್ನು ಹಾಕಿಸಿದ್ದರು. ೧೯೮೦ರ ದಶಕದಲ್ಲಿ ಅವರೂ ರಿಚರ್ಡ್ ಗ್ರಿಮ್‌ಶಾ ಅವರೂ ವಿಶ್ವಬ್ಯಾಂಕಿನ ಪರವಾಗಿ ಭಾರತದಲ್ಲಿ ಕೆಲಸಮಾಡುತ್ತಿದ್ದಾಗ ಈ ಉಪಾಯವನ್ನು ಪ್ರಚಾರಮಾಡಿದರು. ಗುಂಡ್ಲುಪೇಟೆಯ ಹಳೆಯ ಬೇಲಿಗಳು ಅದಕ್ಕೆ ಪ್ರತ್ಯಕ್ಷ ಪ್ರಮಾಣವಾದುವು. ೧೯೯೩ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಮಣ್ಣಿನ ಸವಕಳಿಯನ್ನು ತಡೆಯುವ ಈ ಹುಲ್ಲಿನ ಮೇಲೆಯೇ ಒಂದು ಪುಸ್ತಕವನ್ನು ಹೊರಡಿಸಿತು. ೧೯೯೬ರಲ್ಲಿ ಥಾಯ್‌ಲೆಂಡಿನ ಚಿಯಾಂಗ್ ರಾಯ್‌ಯಲ್ಲಿ ಇದಕ್ಕಾಗಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ನಮ್ಮ ನೆರೆಯ ತಾಲ್ಲೂಕಿನ ರೈತನ ಬದುವಿನ ಹುಲ್ಲು ಹೀಗೆ ಸಮುದ್ರಗಳನ್ನು ದಾಟಿತು. ಮೈಸೂರಿನ ಹಿತ್ತಿಲಿಗೆ ಮಾತ್ರ ಇನ್ನೂ ಬರಬೇಕಾಗಿದೆ.

ಬೆಳೆಸುವ ಕ್ರಮವನ್ನು ಈಗ ಹೇಳುತ್ತೇನೆ. ಬೀಜವಿಲ್ಲವಾದುದರಿಂದ ಬುಡವನ್ನು ಸಿಗಿದು ನೆಡುವುದೊಂದೇ ಮಾರ್ಗ. ಅಂಗಡಿಯ ಒಣಗಿದ ಬೇರನ್ನು ನೆಟ್ಟರೆ ಏನೂ ಹುಟ್ಟದು. ಹಸುರಾದ ಬುಡವೇ ಬೇಕು. ಬೆಳೆಸುತ್ತಿರುವ ರೈತರಲ್ಲಿ ಕೇಳಿ ತರಬಹುದು. ಲಕ್ನೋವಿನ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯು ಬೇರಿನ ಎಣ್ಣೆಗೆಂದು ಹಲವು ಉತ್ತಮ ತಳಿಗಳನ್ನು ಹೊರತಂದಿದೆ. ಅದರ ಸಂಶೋಧನಾ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಉಂಟು.

ತಂದ ಬುಡವನ್ನು ಎರಡು ಮೂರು ತೆಂಡೆಗಳು ಒಂದೊಂದರಲ್ಲಿರುವಂತೆ ಬೇರುಸಹಿತವಾಗಿ ಸಿಗಿಯಬೇಕು. ಎಲೆಯನ್ನು ಬುಡದಿಂದ ೮ ಅಂಗುಲ ಬಿಟ್ಟು, ಬೇರನ್ನು ೪ ಅಂಗುಲ ಬಿಟ್ಟು ಉಳಿದುದನ್ನು ಕತ್ತರಿಸಬೇಕು. ಎಲೆ ಉದ್ದವಾಗಿದ್ದರೆ ಹೊಸ ಬೇರು ಬರುವುದಕ್ಕೆ ಮೊದಲೇ ಗಿಡದ ನೀರೆಲ್ಲ ಆವಿಯಾಗಿ ಹೋಗುವುದು. ಸಿಗಿದುದನ್ನು ಬಿಸಿಲಿಗೆ ಹಾಕದೆ, ಒದ್ದೆಯ ಗೋಣಿಯಲ್ಲಿ ಸುತ್ತಿಟ್ಟು, ಸಾಧ್ಯವಾದರೆ ಅಂದೇ ನೆಡಬೇಕು. ಕಾಲವು ಮಳೆಗಾಲದ ಮೊದಲು ಭಾಗ. ನಮ್ಮ ಕಡೆಗೆ ಆರ್ದ್ರಾ ಪುನರ್ವಸು ಮಳೆಗಳ ಹದ ಬಹಳ ಒಳ್ಳೆಯದು. ನೀರು ಕೊಡಬಲ್ಲವರು ಬೇರೆ ಕಾಲದಲ್ಲಿಯೂ ನೆಡಬಹುದು.

ಬೇಲಿಗಾಗಿ ನೆಡುವವರು ಅರ್ಧ ಅಡಿಗೊಂದರಂತೆ, ಒಂದೇ ಸಾಲಿನಲ್ಲಿ, ಎಲ್ಲಿಯೂ ಸಂದು ಬಿಡದೆ ನೆಡತಕ್ಕದ್ದು. ೩೦ ಅಡಿ ಉದ್ದಕ್ಕೆ ಸುಮಾರು ೬೦ ಸಸಿಗಳು ಬೇಕಾಗುವುವು. ಇಳಿಜಾರಿದ್ದಲ್ಲಿ ಸಾಲು ನೀರು ಹರಿಯುವ ದಿಕ್ಕಿಗೆ ಅಡ್ಡಲಾಗಿ, ಉದ್ದಕ್ಕೂ ಒಂದೇ ಮಟ್ಟದಲ್ಲಿರಬೇಕು. ಗಾರೆಯವರು ಮಟ್ಟ ನೋಡಲು ಹಿಡಿಯುವ ನೀರಿನ ಕೊಳವೆಯೇ ಇದಕ್ಕೆ ಸಾಕು. ಹೊಲವು ೨ ಮೀಟರು ಇಳಿದಂತೆಲ್ಲ ಒಂದೊಂದು ಸಾಲು ಹಾಕುವುದು ವಾಡಿಕೆ. ಎಂದರೆ ನೂರಕ್ಕೆ ೫ರ ಇಳಿಜಾರಿನಲ್ಲಿ ೪೦ ಮೀಟರಿಗೊಂದು ಸಾಲು. ಮೊದಲ ವರ್ಷ ಸತ್ತ ಸಸಿಗಳ ಜಾಗದಲ್ಲಿ ತಪ್ಪದೆ ಹೊಸದನ್ನು ಇಡಬೇಕು. ಒಂದು ಸಂದು ಉಳಿದರೆ ನೀರೆಲ್ಲ ಅಲ್ಲಿಯೇ ನುಗ್ಗಿ ಕೊರಕಲು ಮಾಡುವುದು. ತೂತುಬಿದ್ದ ಕೊಡ ಎಷ್ಟು ದೊಡ್ಡದಾದರೇನು? ಎರಡು ಮೂರು ಮಳೆಗಾಲಗಳಲ್ಲಿ ಬೇಲಿಯು ಕೂಡಿಕೊಳ್ಳುವುದು. ಆಮೇಲೆ ವರ್ಷಕ್ಕೆರಡು ಸಲ ಒಂದೂವರೆ ಅಡಿ ಎತ್ತರಕ್ಕೆ ಸವರಿದರೆ ಬುಡ ಇನ್ನೂ ದಟ್ಟವಾಗುತ್ತದೆ. ಕೊಯ್ದ ಹುಲ್ಲನ್ನು ಗಿಡಗಳ ಬುಡಕ್ಕೆ ಹೊದಿಸಬಹುದು, ಕೊಟ್ಟಿಗೆಗೆ ಹಾಸಬಹುದು. ಎಳೆಯ ಎಲೆಯನ್ನು ದನ ಮೇಯುವುದು, ಬಲಿತುದನ್ನು ಮೂಸಿ ಬಿಡುವುದು. ಹೊಲದಂಚಿಗೆ ಬೆಂಕಿ ತಗುಲಿ ಎಲೆ ಸುಟ್ಟುಹೋದರೂ ಬುಡದಿಂದ ಮತ್ತೆ ಚಿಗುರುವುದು. ನೀರು ನಿಂತರೂ ತಾಳುವುದು; ಬೇರೂರಿದ ಮೇಲೆ ಬರವನ್ನೂ ತಾಳುವುದು. ತಾಳದ ವಸ್ತು ಒಂದೇ, ನೆರಳು. ಮರದಡಿಯಲ್ಲಿ ನೆಟ್ಟವರು ಫಲವನ್ನು ಅಪೇಕ್ಷಿಸಬಾರದು.

ಹೊಲವಿಲ್ಲದ ಪಟ್ಟಣವಾಸಿಗಳು ಏನು ಮಾಡಬೇಕೆಂದು ಕೇಳಬಹುದು. ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಕಾಲುವೆಯ ಅಂಚು, ನಿವೇಶನವು ಪಕ್ಕದ ಜಾಗಕ್ಕಿಂತ ಎತ್ತರವಾಗಿದ್ದು ಮಣ್ಣು ಜರಿಯುವ ಕಡೆ, ಇವೆರಡೂ ಲಾವಂಚಕ್ಕೆ ಹೇಳಿಮಾಡಿಸಿದ ಸ್ಥಳಗಳು. ಬರಿಯ ಬೇರಿನ ಆಸೆಯುಳ್ಳವರು ಎರಡು ಅಡಿಗೆ ಕಡಮೆಯಿಲ್ಲದ ಆಳದ ಹಳೆಯ ಪೀಪಾಯಿಗೆ ತಳದಲ್ಲಿ ತೂತು ಮಾಡಿ, ಅರ್ಧ ಮರಳು, ಅರ್ಧ ಮಣ್ಣು, ಒಂದಿಷ್ಟು ಕೊಟ್ಟಿಗೆಯ ಗೊಬ್ಬರ ಸೇರಿಸಿ ತುಂಬಿ, ಬಿಸಿಲು ಬೀಳುವ ಮಹಡಿಯ ಮೇಲೆ ಬೆಳೆಸಬಹುದು. ಮರಳಿನ ಭಾಗ ಹೆಚ್ಚಿದಷ್ಟೂ ಬೇರನ್ನು ತುಂಡಾಗದಂತೆ ತೆಗೆಯುವುದು ಸುಲಭ. ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ಬೇರು ಹದಕ್ಕೆ ಬರುವುದು. ಅದಕ್ಕೆ ಮೊದಲು ಕಿತ್ತರೆ ಗಂಧ ಕಡಮೆ; ಬಹಳ ಕಾಲ ಬಿಟ್ಟರೆ ಬೇರು ಕಡ್ಡಿಯಾಗುವುದು. ಪೀಪಾಯಿಯನ್ನು ಮಗುಚಿ, ಮಣ್ಣನ್ನು ಉದುರಿಸಿ, ಬೇರನ್ನು ಕತ್ತರಿಸಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಉಳಿದ ಬುಡವನ್ನು ಸಿಗಿದು ಅಂದೇ ಮತ್ತೆ ನೆಟ್ಟರೆ ಸಂತಾನ ಮುಂದುವರಿಯುವುದು.

ಇಲ್ಲಿಗೆ ನಾನು ಮುಖ್ಯವೆಂದ ಪ್ರಶ್ನೆ ಬಂದಿತು. ಬೇರಿಗೆ ಬೆಲೆಯುಂಟು, ಅದರಿಂದ ಭಟ್ಟಿಯಿಳಿಸಿದ ಎಣ್ಣೆಯನ್ನು ಅತ್ತರಿನವರೂ ಸುಗಂಧದ್ರವ್ಯದ ದೊಡ್ಡ ಕಾರ್ಖಾನೆಗಳೂ ಕೊಳ್ಳುತ್ತವೆ. ಹೀಗಿರಲಾಗಿ, ಬದುವಿನಲ್ಲಿ ಹತ್ತಾರು ವರ್ಷಗಳಿಂದ ನಿಂತ ಹುಲ್ಲನ್ನು ಅಗೆದು ಮಾರಿದರೇನು ಎಂಬ ಯೋಚನೆ ಬಡ ರೈತನಿಗೆ ಬರುವುದು ಸಹಜ. ಕೆರಿಬಿಯನ್ ಸಮುದ್ರದ ಹೈಟಿದೇಶವು ಇದಕ್ಕೆ ಉತ್ತರವನ್ನು ಹೇಳುತ್ತದೆ. ಜಗತ್ತಿಗೆ ಲಾವಂಚದ ಎಣ್ಣೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಒದಗಿಸುವ ನಾಡು ಅದು. ಅಲ್ಲಿ ಕಡಿದಾದ ಗುಡ್ಡಗಳ ಮೇಲೂ ಬೆಳೆದ ಬೇರನ್ನು ಅಗೆಯುವಾಗ ಮಣ್ಣು ಸಡಿಲವಾಗಿ, ಮುಂದಿನ ಮಳೆಯಲ್ಲಿ ಕೊಚ್ಚಿಹೋಗುತ್ತದೆ. ಮಣ್ಣನ್ನು ಕಾಯುವುದರಲ್ಲಿ ಇದಕ್ಕೆ ಸಮನಾದ ಹುಲ್ಲು ಅಪರೂಪ. ಆದರೆ ಅದೇ ಹುಲ್ಲನ್ನು ಇಳಿಜಾರಿನಲ್ಲಿ ಅಗೆದರೆ ಮಣ್ಣಿಗೆ ಅದರಷ್ಟು ಕೇಡು ಮಾಡುವ ಬೆಳೆಯೂ ಅಪರೂಪ. ಬೇರು ಎಷ್ಟು ಆಳಕ್ಕೆ ಹಿಡಿದಿತ್ತೋ ಅಗೆತವೂ ಅಷ್ಟೇ ಆಳಕ್ಕೆ ಹೋಗುತ್ತದೆಯಲ್ಲವೆ?

ಆದುದರಿಂದ ಬೆಳೆಸುವವರು ಒಂದು ನಿಯಮವನ್ನು ಮೊದಲೇ ಮಾಡಿಕೊಳ್ಳತಕ್ಕದ್ದು. ಬೇಲಿಯ ಲಾವಂಚ ಬೇರೆ, ಬೇರಿನ ಲಾವಂಚ ಬೇರೆ. ಬೇಲಿಯದನ್ನು ಸವರಬಹುದು, ಕೀಳಕೂಡದು. ಬೇರಿನದನ್ನು ಮಟ್ಟವಾದ ನೆಲದಲ್ಲಿ ಅಥವಾ ಪೀಪಾಯಿಯಲ್ಲಿಯೇ ಬೆಳೆಸಬೇಕು. ಅಮರಸಿಂಹನು ಕೊಟ್ಟ ಎರಡು ಹೆಸರುಗಳನ್ನು ನಾವು ಹೀಗೆ ಬಳಸಿಕೊಂಡರೆ ತಪ್ಪೇನು? ಬದುವಿನ ಮೇಲಿರುವುದು ವೀರಣ, ಪೀಪಾಯಿಯಲ್ಲಿರುವುದು ಉಶೀರ. ಮನೆಯಲ್ಲಿ ಕಾಮಧೇನುವನ್ನು ಕಟ್ಟಿಕೊಂಡವನು ಚರ್ಮದ ಬೆಲೆಯನ್ನು ವಿಚಾರಿಸುವುದಿಲ್ಲ.

ಮನೆಯ ಬಳಕೆಯ ವಿಷಯದಲ್ಲಿ ಎರಡು ಮಾತು. ಲಾವಂಚದ ತಟ್ಟಿಯನ್ನು ಕಿಟಕಿಗೆ ಕಟ್ಟಿ ನೀರು ಚಿಮುಕಿಸುವ ಪದ್ಧತಿಯು ಒಣಹವೆಯಲ್ಲಿ ಫಲಿಸುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುವುದೇ ಅದರ ಮರ್ಮ. ಆದಕಾರಣ ಫಾಲ್ಗುಣ ಚೈತ್ರಗಳಲ್ಲಿ ಮೈಸೂರಿಗೆ ಅದು ಒಪ್ಪುತ್ತದೆ. ಯಾವಾಗಲೂ ತೇವವಿರುವ ಮಂಗಳೂರಿನ ಹವೆಯಲ್ಲಿ ಪರಿಮಳ ಬರುವುದೇ ಹೊರತು ತಂಪು ಅಷ್ಟಾಗಿ ಬಾರದು. ರೇಷ್ಮೆಯ ಸೀರೆಗಳ ಪೆಟ್ಟಿಗೆಯಲ್ಲಿ ಒಣಗಿದ ಬೇರಿನ ಗಂಟನ್ನಿಡುವ ಅಜ್ಜಿಯರ ರೂಢಿ ನಿರರ್ಥಕವಾದುದಲ್ಲ. ಬೇರಿನ ಎಣ್ಣೆಯಲ್ಲಿರುವ ಕೆಲವು ದ್ರವ್ಯಗಳು, ಮುಖ್ಯವಾಗಿ ನೂಟ್ಕಟೋನ್ ಎಂಬುದು, ಗೆದ್ದಲೇ ಮೊದಲಾದ ಹುಳುಗಳನ್ನು ದೂರವಿಡುತ್ತವೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಬೇರಿನ ಗಂಟು ರೇಷ್ಮೆಯನ್ನು ನೇರವಾಗಿ ಮುಟ್ಟದಂತಿರಲಿ. ಹೂಜಿಯ ಬೇರನ್ನು ಎರಡು ಮೂರು ದಿನಕ್ಕೊಮ್ಮೆ ತೆಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಹಾಕಬೇಕು. ಪರಿಮಳ ಹೋದೊಡನೆ ಅದನ್ನು ಬಿಟ್ಟು ಹೊಸದನ್ನು ಹಾಕಬೇಕು.

ಕೊನೆಯದಾಗಿ, ಯಾವ ಗಿಡದ ಮೇಲೂ ಅದರ ಶಕ್ತಿಗೆ ಮೀರಿದ ಭಾರವನ್ನು ಹೊರಿಸಬಾರದು. ೨೦೨೧ರ ಅಕ್ಟೋಬರ್ ತಿಂಗಳಿನ ಮಳೆಯಲ್ಲಿ ನಮ್ಮ ಚಾಮುಂಡಿಬೆಟ್ಟದ ಮೇಲೆ ನಂದಿಯ ಕಡೆಗೆ ಹೋಗುವ ರಸ್ತೆಯ ಅಂಚು ಕುಸಿದುದನ್ನು ಮೈಸೂರಿನವರು ಮರೆತಿಲ್ಲ. ಹುಲ್ಲು ಹಿಡಿಯುವುದು ತನ್ನ ಬೇರು ಮುಟ್ಟಿದಷ್ಟು ಆಳದ ಮಣ್ಣನ್ನು ಮಾತ್ರ. ಬೆಟ್ಟದ ಒಡಲೇ ಜಾರುವಾಗ, ನೀರಿಗೆ ದಾರಿಯನ್ನು ಮುಚ್ಚಿ ರಸ್ತೆಯನ್ನು ಕಡಿದಾಗ, ಅದು ಒಂದೇ ನಿಂತು ಕಾಯಲಾರದು. ಅಲ್ಲಿ ಚರಂಡಿಯೂ ಗೋಡೆಯೂ ಎಂಜಿನಿಯರನ ವಿವೇಕವೂ ಬೇಕು. ಆದರೆ ಪ್ರತಿ ಮಳೆಯಲ್ಲಿಯೂ ಕೆಂಪಾಗಿ ಹರಿದು ಮೋರಿ ಸೇರುವ ನಮ್ಮ ಹಿತ್ತಿಲಿನ ಮತ್ತು ಹೊಲದ ಮೇಲ್ಮಣ್ಣಿದೆಯಲ್ಲ, ಅದನ್ನು ಒಂದು ಸಾಲು ಲಾವಂಚ ನಿಲ್ಲಿಸಬಲ್ಲದು. ಖರ್ಚು ಅತ್ಯಲ್ಪ, ಬೇಕಾದುದು ಎರಡು ಮಳೆಗಾಲದ ತಾಳ್ಮೆ.

ಆರ್ದ್ರಾ ಮಳೆ ಹಿಡಿಯುವುದಕ್ಕೆ ಮುಂಚೆ ಬುಡಗಳನ್ನು ಗೊತ್ತುಮಾಡಿಕೊಂಡಿರಿ. ಮೊದಲ ವರ್ಷ ಒಂದೇ ಬುಡ ದೊರೆತರೂ ಚಿಂತೆಯಿಲ್ಲ. ಅದನ್ನು ಬಿಸಿಲಿನಲ್ಲಿ ನೆಟ್ಟು ಸಾಕಿದರೆ ಮರುವರ್ಷ ಅದರಿಂದ ಹತ್ತಾರು ಸಸಿಗಳಾಗುವುವು. ನಿಮ್ಮ ಸಾಲು ತುಂಬಿದ ಮೇಲೆ ಮಿಕ್ಕುದನ್ನು ನೆರೆಯವರಿಗೆ ಕೊಡಿರಿ. ಇಬ್ಬರ ನಡುವಣ ಎಲ್ಲೆಯ ಮೇಲೆ ಇಬ್ಬರೂ ಸೇರಿ ನೆಟ್ಟ ಹುಲ್ಲು ಮುಂದೆ ಮಕ್ಕಳ ಕಾಲಕ್ಕೂ ಉಪಕಾರಕ್ಕೆ ಬರುವುದು.